ಗ್ಯಾಸ್ ಸ್ಟವ್ ಕೈಕೊಟ್ರೆ: ಕಂಪನಿಯವ್ರಾ, ಊರಿನ ರಿಪೇರಿಯವ್ರಾ, ಆನ್‌ಲೈನ್ ಪಾರ್ಟಾ, ಹೊಸತಾ?

ಈ ಸಲ ಮಳೆ ಹಿಡಿದ ಮೇಲೆ ಮೂರು ಮನೆಯವ್ರು ನನ್ನ ಹತ್ರ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿದ್ರು. ಮಂಗಳೂರಿನ ಬಿಜೈಯಲ್ಲಿ ನಮ್ಮ ಫ್ಲಾಟಿನ ಕೆಳಗಿನ ಮನೆ ಅಕ್ಕನ ಸ್ಟವ್, ನಾಬ್ ತಿರುಗಿಸಿದ್ರೆ ಟಿಕ್ ಟಿಕ್ ಶಬ್ದ ಬರ್ತದೆ, ಹತ್ತಿಕೊಳ್ಳುದಿಲ್ಲ. ಉಡುಪಿ ಕುಂಜಿಬೆಟ್ಟಲ್ಲಿ ನಮ್ಮ ಚಿಕ್ಕಮ್ಮನ ಮನೇಲಿ ಎಡಗಡೆ ಬರ್ನರಿನ ಬೆಂಕಿ ಹಳದಿ, ಪಾತ್ರೆಯ ಅಡಿಯೆಲ್ಲ ಮಸಿ. ಸುರತ್ಕಲ್‌ನ ಗೆಳೆಯನ ಮನೇಲಿ ಅವ್ನ ಅಪ್ಪ ದುಬೈಯಿಂದ ಬರುವಾಗ ತಂದ ದೊಡ್ಡ ಕುಕಿಂಗ್ ರೇಂಜ್, ಅದರ ಓವನ್ ನಾಬಿಂದ ಕೈ ತೆಗೆದ ಕೂಡ್ಲೆ ಆರಿ ಹೋಗ್ತದೆ. ಕಂಪನಿಗೆ ಫೋನ್ ಮಾಡುದಾ, ಇಲ್ಲಿಯೇ ರಿಪೇರಿಯವ್ರನ್ನು ಕರೆಯುದಾ, ಪಾರ್ಟ್ ಆನ್‌ಲೈನಲ್ಲಿ ತರಿಸಿ ನಾವೇ ಹಾಕುದಾ, ಅಲ್ಲ ಇದನ್ನು ಗುಜರಿಗೆ ಕೊಟ್ಟು ಹೊಸತೇ ತಗೊಳ್ಳುದಾ ಅಂತ ಮೂವರಿಗೂ ಗೊಂದಲ. ಮೂವರಿಗೂ ನಾನು ಕೊಟ್ಟ ಉತ್ತರ ಬೇರೆ ಬೇರೆ. ಯಾಕೆ ಅಂತ ಇಲ್ಲಿ ಬರೀತೇನೆ, ನಿಮ್ಮ ಸ್ಟವ್ ಈ ಮೂರರಲ್ಲಿ ಯಾವುದಕ್ಕೆ ಹತ್ರ ಅಂತ ನೋಡಿಕೊಳ್ಳಿ.

ರೇಟ್ ವಿಚಾರಿಸುವ ಮೊದ್ಲು ಒಂದು ನೋಡ್ಬೇಕು: ಹಾಳಾದದ್ದು ಗ್ಯಾಸನ್ನು ಹಿಡಿದು ನಿಲ್ಲಿಸುವ ಪಾರ್ಟಾ ಅಲ್ವಾ? ಸಿಲಿಂಡರಿನ ಬಾಯಿಂದ ಜೆಟ್ಟಿನ (ಬರ್ನರಿನ ಕಡೆಗೆ ಗ್ಯಾಸ್ ಚಿಮ್ಮಿಸುವ ಹಿತ್ತಾಳೆ ತುಂಡು) ಸಣ್ಣ ತೂತಿನವರೆಗೆ ಗ್ಯಾಸ್ ಒತ್ತಡದಲ್ಲಿ ಇರ್ತದೆ. ರೆಗ್ಯುಲೇಟರ್, ಹೋಸ್, ಸ್ಟವ್ ಒಳಗಿನ ಪೈಪ್, ನಾಬಿನ ಅಡಿಯ ವಾಲ್ವ್, ಜೆಟ್, ಇವಿಷ್ಟು ಆ ಕಡೆಯದ್ದು. ಜೆಟ್ ದಾಟಿದ ಮೇಲೆ ಗ್ಯಾಸ್ ಗಾಳಿಯ ಜೊತೆ ಬೆರೆತು ಉರಿಯಲಿಕ್ಕೆ ಹೋಗುದು, ಅಂದ್ರೆ ಮಿಕ್ಸಿಂಗ್ ಟ್ಯೂಬ್, ಬರ್ನರ್, ಮತ್ತೆ ಅದಕ್ಕೆ ಸಂಬಂಧವೇ ಇಲ್ಲದ ಪ್ಯಾನ್ ಸ್ಟ್ಯಾಂಡ್, ನಾಬ್, ಡ್ರಿಪ್ ಟ್ರೇ, ರಬ್ಬರ್ ಕಾಲು. ಈ ಎರಡನೇ ಕಡೆಯದ್ದರಲ್ಲಿ ನೀವು ಕಮ್ಮಿ ಬೆಲೆದು ತರಿಸಿ, ಪ್ರಯೋಗ ಮಾಡಿ, ತಪ್ಪಿದ್ರೆ ಪುನಃ ತರಿಸಿ ಅಡ್ಡಿಲ್ಲ, ಹೋದ್ರೆ ನೂರಿನ್ನೂರು ರೂಪಾಯಿ ಹೋಗ್ತದೆ. ಮೊದಲನೇ ಕಡೆಯದ್ದರಲ್ಲಿ ಮಾತ್ರ ಉಳಿತಾಯದ ಲೆಕ್ಕ ಹಾಕ್ಲಿಕ್ಕೇ ಹೋಗ್ಬೇಡಿ. ನಮ್ಮಲ್ಲಿ ಮಳೆಗಾಲದಲ್ಲಿ ಕಿಟಕಿ ಬಾಗಿಲೆಲ್ಲ ಹಾಕಿ ಕೂತಿರ್ತೇವೆ, ಎಲ್‌ಪಿಜಿ ಗಾಳಿಗಿಂತ ಭಾರ, ಲೀಕ್ ಆದ್ರೆ ನೆಲದ ಮಟ್ಟದಲ್ಲೇ ತುಂಬಿಕೊಳ್ತದೆ, ನಿಂತವ್ರಿಗೆ ವಾಸನೆ ತಡವಾಗಿ ಗೊತ್ತಾಗುದು ಉಂಟು.

ಇದಾದ ಮೇಲೆ ಉಳಿದದ್ದು. ಸ್ಟವ್‌ಗೆ ಎಷ್ಟು ವರ್ಷ ಆಯ್ತು, ವಾರಂಟಿ ಉಂಟಾ. ಪಾರ್ಟ್ ಅದೇ ಮಾಡೆಲಿಂದೇ ಬೇಕಾ, ಯಾವುದಾದ್ರೂ ನಡೀತದಾ. ಮನೇಲಿ ಎಷ್ಟು ದಿನ ಒಲೆ ಇಲ್ಲದೆ ಸುಧಾರಿಸಬಹುದು, ಇದು ತುಂಬ ಮುಖ್ಯ, ಇಂಡಕ್ಷನ್ ಇರುವ ಇಬ್ಬರ ಮನೆಗೂ ದಿನಾ ಎರಡು ಹೊತ್ತು ಕುಚ್ಚಲಕ್ಕಿ ಬೇಯಿಸುವ ಆರು ಜನರ ಮನೆಗೂ ಲೆಕ್ಕ ಒಂದೇ ಅಲ್ಲ. ಕೊನೆಗೆ ದುಡ್ಡು, ಅದನ್ನು ಹೊಸ ಸ್ಟವ್‌ನ ಬೆಲೆಯ ಪಕ್ಕ ಇಟ್ಟು ನೋಡ್ಬೇಕು, ಒಂಟಿಯಾಗಿ ಅಲ್ಲ.

ಯಾರನ್ನಾದ್ರೂ ಕರೆಯುವ ಮೊದ್ಲು ಮನೇಲೇ ಐದು ನಿಮಿಷದ ಪರೀಕ್ಷೆ ಒಂದುಂಟು, ದಯವಿಟ್ಟು ಮಾಡಿ. ತೊಂದರೆ ಎಲ್ಲ ಬರ್ನರಿಗೂ ಉಂಟಾ, ಒಂದಕ್ಕೆ ಮಾತ್ರವಾ? ಎಲ್ಲದರಲ್ಲೂ ಬೆಂಕಿ ಸಣ್ಣ ಅಂತಾದ್ರೆ ಸಿಲಿಂಡರ್ ಮುಗೀಲಿಕ್ಕೆ ಬಂದಿರ್ಬೇಕು, ಇಲ್ಲದಿದ್ರೆ ರೆಗ್ಯುಲೇಟರ್ ಅಥವಾ ಮಡಚಿ ಹೋದ ಹೋಸ್. ಒಂದೇ ಬರ್ನರ್ ಅಂತಾದ್ರೆ ಅದರದ್ದೇ ಜೆಟ್, ಟ್ಯೂಬ್ ಅಥವಾ ಬರ್ನರ್. ಇಗ್ನಿಷನ್‌ಗೂ ಇದೇ ಲೆಕ್ಕ: ಯಾವುದರಲ್ಲೂ ಕಿಡಿ ಇಲ್ಲದಿದ್ರೆ ಬ್ಯಾಟರಿ ಅಥವಾ ಅದರ ಡಬ್ಬಿ, ಒಂದರಲ್ಲಿ ಮಾತ್ರ ಇಲ್ಲದಿದ್ರೆ ಆ ಬರ್ನರಿನ ಪಕ್ಕದ ಸಣ್ಣ ಬಿಳಿ ಪಿಂಗಾಣಿ ಕಡ್ಡಿ ಒದ್ದೆಯಾಗಿರ್ತದೆ, ಕೊಳೆ ಹಿಡಿದಿರ್ತದೆ ಅಥವಾ ಬಿರುಕು ಬಿಟ್ಟಿರ್ತದೆ. ಕೆಳಗಿನ ಮನೆ ಅಕ್ಕನದ್ದು ಇದೇ. ಜೂನ್ ಜುಲೈಯಲ್ಲಿ ನಮ್ಮಲ್ಲಿ ಉಪ್ಪೇ ನೀರಾಗ್ತದೆ, ಇನ್ನು ಆ ಕಡ್ಡಿ ಒಣಗಿರ್ತದಾ? ಒಣ ಬಟ್ಟೆಯಲ್ಲಿ ಒರಸಿ, ಹೇರ್ ಡ್ರೈಯರ್ ಒಂದು ನಿಮಿಷ ಹಿಡಿದ್ರು, ಹತ್ತಿತು. ಆದ್ರೆ ಅಷ್ಟರೊಳಗೆ ಅವ್ರ ದುಡ್ಡು ಹೋಗಿ ಆಗಿತ್ತು, ಅದನ್ನು ಮುಂದೆ ಹೇಳ್ತೇನೆ. ಲೈಟರ್ ಹಿಡಿದ್ರೆ ಸರಿಯಾಗಿ ಉರೀತದೆ ಅಂತಾದ್ರೆ ಹತ್ತದೇ ಇರುದು ಇಗ್ನಿಷನ್ ತೊಂದರೆ, ಗ್ಯಾಸ್ ಬಾರದ್ದಲ್ಲ, ಅವಸರ ಮಾಡ್ಬೇಡಿ.

ಈಗ ಚಿಕ್ಕಮ್ಮನ ಹಳದಿ ಬೆಂಕಿ. ಬೆಂಕಿ ನೀಲಿ ಇರ್ಬೇಕು, ಹಳದಿ ಬಂತು ಅಂದ್ರೆ ಗ್ಯಾಸಿಗೆ ಸಾಕಷ್ಟು ಗಾಳಿ ಸಿಗ್ತಾ ಇಲ್ಲ. ಚಿಕ್ಕಮ್ಮ ಎಣಿಸಿದ್ದು ಬರ್ನರ್ ಹಳತಾಯ್ತು ಅಂತ. ಮುಂಬೈಯಲ್ಲಿರುವ ಮಗ ಅಲ್ಲಿಂದಲೇ ಆನ್‌ಲೈನಲ್ಲಿ ಎರಡು ಬರ್ನರ್ ಆರ್ಡರ್ ಮಾಡಿದ, ಬಂತು, ಕೂತ್ಕೊಳ್ಳಲೇ ಇಲ್ಲ, ಅಡಿಯ ಕೊಳವೆ ಒಂದು ಎಳ್ಳಿನಷ್ಟು ದಪ್ಪ. ನಾನು ಹೋದ ದಿನ ರಿಪೇರಿಯ ಅಣ್ಣ ಒಬ್ರನ್ನು ಕರೆಸಿದೆವು. ಅವ್ರು ರೆಗ್ಯುಲೇಟರ್ ಬಂದ್ ಮಾಡಿ ಸ್ಟವ್ ಕವುಚಿ ಹಾಕಿ ಮಿಕ್ಸಿಂಗ್ ಟ್ಯೂಬ್ ಬಿಚ್ಚಿದ್ರು, ಪೇಪರಿನ ಮೇಲೆ ಮೆಲ್ಲ ಕುಟ್ಟಿದ್ರೆ ಒಳಗಿಂದ ಬಿದ್ದದ್ದು ಬೆರಳಿನ ತುದಿಯಷ್ಟು ಒಣ ಮಣ್ಣು, ಕುಂಬಾರ ಹುಳದ ಗೂಡು! ಚಿಕ್ಕಮ್ಮ ಎರಡು ತಿಂಗಳು ಮನೆಗೆ ಬೀಗ ಹಾಕಿ ಮಗನ ಹತ್ರ ಹೋಗಿದ್ರು, ಆ ಹೊತ್ತಲ್ಲಿ ಹುಳ ಸಂಸಾರ ಹೂಡಿದೆ. ಕ್ಲೀನ್ ಮಾಡಿ ಹಾಕಿದ್ರೆ ಬೆಂಕಿ ಹಳೇ ಬರ್ನರಲ್ಲೇ ನೀಲಿ. 300 ರೂಪಾಯಿ ತಗೊಂಡ್ರು. ಆನ್‌ಲೈನ್ ಬರ್ನರ್ ವಾಪಸ್ ಕೊಡುವ ದಿನ ದಾಟಿ ಹೋಗಿತ್ತು, ಅದೀಗ ಅಟ್ಟದಲ್ಲಿ ಉಂಟು. ಮಗ ಮಸ್ಕತ್ತಲ್ಲೋ ಮುಂಬೈಲೋ, ಊರಿನ ಮನೆ ಬೀಗ ಹಾಕಿದ್ದು, ಇದು ನಮ್ಮ ಕಡೆ ಮನೆಮನೆಯ ಕತೆ, ಹಾಗಾಗಿ ವಾಪಸ್ ಬಂದು ಬೆಂಕಿ ಹಳದಿ ಕಂಡ್ರೆ ಮೊದಲು ಟ್ಯೂಬ್ ನೋಡ್ಸಿ.

ಹಳದಿ ಬೆಂಕಿಗೆ ನಮ್ಮಲ್ಲಿ ಇನ್ನೊಂದು ದೊಡ್ಡ ಕಾರಣ ಕುಚ್ಚಲಕ್ಕಿ ಗಂಜಿ. ಅದು ಉಕ್ಕಿ ಬರ್ನರಿಗೆ ಇಳಿದು ಅಲ್ಲೇ ಬೆಂದು ಗಟ್ಟಿಯಾಗಿ ತೂತುಗಳನ್ನು ಮುಚ್ಚುತ್ತದೆ. ಇದನ್ನು ನೀವೇ ಮಾಡಬಹುದು, ಬರ್ನರ್ ಪೂರ್ತಿ ತಣಿದ ಮೇಲೆ ಎತ್ತಿ ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ ಹಳೆ ಟೂತ್‌ಬ್ರಷ್‌ನಲ್ಲಿ ತಿಕ್ಕಿ. ಹಿತ್ತಾಳೆ ಬರ್ನರಿಗೆ ಹುಣಸೆಹುಳಿ, ಬಿಂಬುಳಿ ಎಲ್ಲ ನಡೀತದೆ, ದೇವರ ದೀಪ ತೊಳೆದ ಹಾಗೆ. ಅಲ್ಯೂಮಿನಿಯಂ ಬರ್ನರಿಗೆ ಸೋಡಾ ಹಾಕಿ ರಾತ್ರಿಯಿಡೀ ನೆನೆಸ್ಬೇಡಿ, ಕಪ್ಪಾಗಿ ಸವೀತದೆ. ತೊಳೆದ ಮೇಲೆ ಪೂರ್ತಿ ಒಣಗಿಸಿಯೇ ಇಡಿ. ಮತ್ತೆ ಜೆಟ್‌ಗೆ ಸೂಜಿ ಹಾಕ್ಬೇಡಿ, ಯಾರನ್ನೂ ಹಾಕ್ಲಿಕ್ಕೆ ಬಿಡ್ಬೇಡಿ. ಜೆಟ್ ಅಂದ್ರೆ ಮೆದು ಹಿತ್ತಾಳೆ, ಉಕ್ಕಿನ ಸೂಜಿ ತಿರುಗಿಸಿದ್ರೆ ತೂತು ದೊಡ್ಡದಾಗ್ತದೆ, ಗ್ಯಾಸ್ ಜಾಸ್ತಿ ಹೋಗ್ತದೆ, ಬೆಂಕಿ ಮತ್ತೂ ಹಳದಿಯಾಗ್ತದೆ, ಸಿಲಿಂಡರ್ ಬೇಗ ಖಾಲಿ. ಒಮ್ಮೆ ದೊಡ್ಡದಾದ ತೂತನ್ನು ಸಣ್ಣ ಮಾಡ್ಲಿಕ್ಕೆ ಆಗುದಿಲ್ಲ, ಜೆಟ್ಟೇ ಬದಲಿಸ್ಬೇಕು.

ಇಷ್ಟು ಮಾಡಿಯೂ ಆಗದಿದ್ರೆ ಯಾರನ್ನು ಕರೆಯುದು ಅಂತ ಪ್ರಶ್ನೆ.

ರೆಗ್ಯುಲೇಟರ್, ಹೋಸ್, ಸಿಲಿಂಡರಿನ ಬಾಯಿ, ಇದಕ್ಕೆ ನಿಮ್ಮ ಗ್ಯಾಸ್ ಏಜೆನ್ಸಿಯೇ, ಬೇರೆ ಯೋಚನೆ ಬೇಡ. ರೆಗ್ಯುಲೇಟರ್ ಕನೆಕ್ಷನ್ ಜೊತೆ ಡೆಪಾಸಿಟ್ ಮೇಲೆ ಕೊಟ್ಟದ್ದು, ಹಾಳಾದ್ರೆ ಅವ್ರ ಹತ್ರವೇ ಬದಲಿಸ್ಬೇಕು. ಅಂಗಡಿಯಲ್ಲಿ ತಿರುಗಿಸಿ ಪ್ರೆಶರ್ ಹೆಚ್ಚು ಮಾಡುವ ಹೋಟೆಲಿನವ್ರ ರೆಗ್ಯುಲೇಟರ್ ಸಿಗ್ತದೆ, ನೀರುದೋಸೆ ಕಾವಲಿ ಬೇಗ ಕಾಯ್ತದೆ ಅಂತ ಕೆಲವ್ರು ಅದನ್ನು ಮನೆಗೆ ತರ್ತಾರೆ, ಬೇಡ, ಮನೆಯ ಸ್ಟವ್‌ನ ವಾಲ್ವ್ ಆ ಒತ್ತಡಕ್ಕೆ ಮಾಡಿದ್ದಲ್ಲ. ಹೋಸ್ ಕಿತ್ತಳೆ ಬಣ್ಣದ, ಒಳಗೆ ತಂತಿಯ ಬಲೆ ಇರುವ ಸುರಕ್ಷಾ ಹೋಸ್ ಆಗ್ಬೇಕು, 5 ವರ್ಷಕ್ಕೆ ಬದಲಿಸ್ಬೇಕು, ಅದರ ಮೈಮೇಲೆಯೇ ತಯಾರಾದ ವರ್ಷ ಪ್ರಿಂಟ್ ಆಗಿರ್ತದೆ, ಈಗಲೇ ಎದ್ದು ಹೋಗಿ ನೋಡಿ. ಒಂದೂವರೆ ಮೀಟರಿಗಿಂತ ಉದ್ದ ಬೇಡ. ಹೊಸ ಸಿಲಿಂಡರ್ ಹಾಕಿದ ದಿನವೇ ವಾಸನೆ ಬಂದ್ರೆ ಹೆಚ್ಚಾಗಿ ಸಿಲಿಂಡರಿನ ಬಾಯೊಳಗಿನ ಸಣ್ಣ ರಬ್ಬರ್ ರಿಂಗ್ ಹೋಗಿರ್ತದೆ, ತಂದವ್ರೇ ಹಾಕಿ ಕೊಡ್ತಾರೆ, ಅವ್ರು ಮೆಟ್ಟಿಲು ಇಳಿಯುವ ಮೊದ್ಲೇ ಚೆಕ್ ಮಾಡಿಸಿಕೊಳ್ಳಿ. ಜೋರಾಗಿ ವಾಸನೆ ಬಂದ್ರೆ ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆಗೀರಿ, ಲೈಟ್ ಫ್ಯಾನಿನ ಸ್ವಿಚ್ಚು ಹಾಕುದೂ ಬೇಡ ಆರಿಸುದೂ ಬೇಡ, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ವಾರಂಟಿ ಇನ್ನೂ ಉಂಟಾ, ಹಾಗಾದ್ರೆ ಕಂಪನಿ ಸರ್ವೀಸ್, ಎರಡು ಮಾತಿಲ್ಲ. ಬೇರೆಯವ್ರ ಕೈಯಿಂದ ಬಿಚ್ಚಿಸಿದ್ರೆ ವಾರಂಟಿ ಹೋಗಬಹುದು. ಗ್ಲಾಸ್ ಟಾಪ್ ಒಡೆದ್ರೂ ಕಂಪನಿಯೇ, ಆ ಗ್ಲಾಸ್ ಕಾಯಿಸಿ ಹದ ಮಾಡಿದ ಟಫನ್ಡ್ ಗ್ಲಾಸ್, ತೂತಿನ ಅಳತೆ ಮಾಡೆಲಿಂದ ಮಾಡೆಲಿಗೆ ಬೇರೆ, ಹೊರಗೆ ಕತ್ತರಿಸಿ ಕೊಡ್ತೇನೆ ಅಂದ್ರೆ ಒಪ್ಪಬೇಡಿ. ಕಂಪನಿಯವ್ರ ಗುಣ, ಪಾರ್ಟ್ ಸರಿಯಾದದ್ದೇ ಬರ್ತದೆ, ಬಿಲ್ ಇರ್ತದೆ, ನಾಳೆ ಲೀಕ್ ಆದ್ರೆ ಕೇಳ್ಲಿಕ್ಕೆ ಒಂದು ಜಾಗ ಉಂಟು. ತೊಂದರೆ ಅಂದ್ರೆ ಸಮಯ. ಮಂಗಳೂರು ಪೇಟೆಯೊಳಗೆ ಬೇಗ ಬರ್ತಾರೆ, ಕಾರ್ಕಳ ಹೆಬ್ರಿ ಕಡೆಗೆ ನಾಳೆ ನಾಡಿದ್ದು ಅಂತ ಎಳೀತದೆ, ಬಂದು ನೋಡಿ ಪಾರ್ಟ್ ತರಿಸ್ಬೇಕು ಅಂತ ಹೇಳಿ ಪುನಃ ಒಂದು ವಾರ. ವಾರಂಟಿ ಮುಗಿದ ಸ್ಟವ್‌ಗೆ ಬಂದು ಹೋದದ್ದಕ್ಕೇ ಬೇರೆ ಚಾರ್ಜ್, ಸಣ್ಣ ಕೆಲಸಕ್ಕೆ ಅದು ಭಾರ.

ನಂಬರ್ ಮಾತ್ರ ವಾರಂಟಿ ಕಾರ್ಡಿಂದಲೋ ಸ್ಟವ್ ಅಡಿಯ ಸ್ಟಿಕ್ಕರಿಂದಲೋ ತಗೊಳ್ಳಿ. ಅಕ್ಕ ಮೊಬೈಲಲ್ಲಿ ಹುಡುಕಿದ್ರು, ಮೇಲೆಯೇ ಒಂದು ನಂಬರ್ ಸಿಕ್ಕಿತು, ಫೋನ್ ಎತ್ತಿದವ್ರು ನಾವು ಕಂಪನಿಯವ್ರೇ ಅಂದ್ರು, ಒಬ್ಬ ಬ್ಯಾಗ್ ಹಿಡಿದು ಬಂದ, ಇಗ್ನಿಷನ್ ಪೂರ್ತಿ ಹೋಗಿದೆ ಅಂತ ಹೇಳಿ 1,800 ರೂಪಾಯಿ ತಗೊಂಡು ಹೋದ, ಬಿಲ್ ವಾಟ್ಸಾಪಲ್ಲಿ ಕಳಿಸ್ತೇನೆ ಅಂದದ್ದು ಬರಲೇ ಇಲ್ಲ, ನಾಲ್ಕನೇ ದಿನಕ್ಕೆ ಪುನಃ ಅದೇ ಟಿಕ್ ಟಿಕ್. ಒಣ ಬಟ್ಟೆಯ ಕೆಲಸಕ್ಕೆ ಅಷ್ಟು ದುಡ್ಡು! ಗಂಡ ಇಲ್ಲದ ಮನೆ, ಟೈಲರಿಂಗ್ ಮಾಡಿ ಸಂಸಾರ ನಡೆಸುವವ್ರು, ನನಗೆ ತುಂಬ ಬೇಜಾರಾಯ್ತು, ಇಷ್ಟು ಉದ್ದ ಬರೀಲಿಕ್ಕೆ ಅದೂ ಒಂದು ಕಾರಣ.

ವಾರಂಟಿ ಮುಗಿದ ಸಾದಾ ಎರಡು ಮೂರು ಬರ್ನರಿನ ಸ್ಟವ್‌ಗೆ ನನ್ನ ಮತ ಊರಿನ ರಿಪೇರಿಯವ್ರಿಗೆ. ಮಂಗಳೂರಲ್ಲಾದ್ರೆ ಹಂಪನಕಟ್ಟೆ, ಸೆಂಟ್ರಲ್ ಮಾರ್ಕೆಟ್ ಸುತ್ತಮುತ್ತ, ಉಡುಪಿಯಲ್ಲಾದ್ರೆ ರಥಬೀದಿ, ಸರ್ವೀಸ್ ಬಸ್‌ಸ್ಟ್ಯಾಂಡ್ ಕಡೆ ಮಿಕ್ಸಿ ಕುಕ್ಕರ್ ರಿಪೇರಿಯ ಅಂಗಡಿಗಳಲ್ಲಿ ವಿಚಾರಿಸಿದ್ರೆ ಯಾರಾದ್ರೊಬ್ರು ಸಿಗ್ತಾರೆ. ಹಳೆ ಪಾರ್ಟನ್ನು ಕೈಯಲ್ಲಿ ಹಿಡ್ಕೊಂಡೇ ಹೋಗಿ, ಫೋಟೊ ಸಾಲುದಿಲ್ಲ. ಅವ್ರಲ್ಲಿ ಎಷ್ಟೋ ಜನ ನಾಬ್ ತಿರುಗಿಸಿ ನೋಡಿಯೇ ವಾಲ್ವಿನ ಗ್ರೀಸ್ ಒಣಗಿದೆ ಅಂತ ಹೇಳ್ತಾರೆ, ಅಂಥ ಅನುಭವ. ಹೌದು, ನಾಬ್ ಬಿಗಿಯಾದ್ರೆ ತೆಂಗಿನೆಣ್ಣೆ ಬಿಡುವ ಅಭ್ಯಾಸ ನಮ್ಮಲ್ಲಿ ಉಂಟು, ದಯವಿಟ್ಟು ಬೇಡ, ಎಣ್ಣೆ ಕಾವಿಗೆ ಅಂಟಾಗ್ತದೆ, ಇದ್ದ ಗ್ರೀಸನ್ನೂ ತೊಳೀತದೆ, ಗ್ಯಾಸ್ ನಿಲ್ಲುದೇ ಆ ಗ್ರೀಸಿನ ಪದರದಿಂದ. ವಾಲ್ವಿಗೆ ಕಾವು ತಡೆಯುವ ಬೇರೆಯೇ ಗ್ರೀಸ್ ಉಂಟು, ಬಿಚ್ಚಿ ಹಾಕ್ಬೇಕು, ಗೊತ್ತಿದ್ದವ್ರೇ ಹಾಕ್ಬೇಕು. ಕಳೆದ ವರ್ಷ ನಮ್ಮದಕ್ಕೆ ಎರಡು ವಾಲ್ವ್ ಬದಲಿಸಿದಾಗ ಕೂಲಿ ಸೇರಿ 900 ಆಯ್ತು. ಇವರಲ್ಲಿ ಇರುವ ತೊಂದರೆ ಅಂದ್ರೆ ಹೆಚ್ಚಿನವ್ರು ಬಿಲ್ ಕೊಡುದಿಲ್ಲ, ಮತ್ತೆ ಕೆಲವ್ರು ಸಿಕ್ಕಿದ ಪಾರ್ಟನ್ನು ಹೇಗಾದ್ರೂ ಕೂರಿಸ್ತಾರೆ. ಜೆಟ್‌ಗೆ ತಂತಿ ಹಾಕ್ಲಿಕ್ಕೆ ಹೊರಟ್ರೆ, ಲೀಕ್ ಕಂಡ ಜಾಗಕ್ಕೆ ಎಂಸೀಲ್ ಮೆತ್ತಿದ್ರೆ ಅಲ್ಲಿಗೇ ನಿಲ್ಲಿಸಿ, ಅವ್ರು ನಿಮಗೆ ಬೇಡ.

ಆನ್‌ಲೈನ್ ನಾನೂ ತರಿಸ್ತೇನೆ, ಆದ್ರೆ ಪ್ಯಾನ್ ಸ್ಟ್ಯಾಂಡ್, ನಾಬ್, ಟ್ರೇ, ರಬ್ಬರ್ ಕಾಲು, ಹೆಚ್ಚಂದ್ರೆ ಬರ್ನರ್, ಅಲ್ಲಿಗೆ ಮುಗೀತು. ಯೂನಿವರ್ಸಲ್ ಅಂತ ಬರೆದದ್ದನ್ನು ನಂಬ್ಬೇಡಿ. ನಾಬಾದ್ರೆ ಒಳಗಿನ ತೂತು ಡಿ ಆಕಾರದ್ದಾ, ಅದರ ಚಪ್ಪಟೆ ಭಾಗ ಯಾವ ಕಡೆ ಅಂತ ನೋಡಿ, ಅದು ತಿರುಗಾ ಮುರುಗಾ ಆದ್ರೆ ನಾಬ್ ಬಂದ್ ತೋರಿಸುವಾಗ ಗ್ಯಾಸ್ ಆನ್ ಇರ್ತದೆ. ಬರ್ನರಾದ್ರೆ ಅಡಿಯ ಕೊಳವೆಯ ಒಳ ಅಳತೆ ಹೊರ ಅಳತೆ ಎರಡೂ ಸ್ಕೇಲಿಟ್ಟು ತೆಗೀರಿ. ವಾಲ್ವ್, ಜೆಟ್, ಹೋಸ್ ಮನೆಬಾಗಿಲಿಗೆ ಅರ್ಧ ಬೆಲೆಗೆ ಬರ್ತದೆ ಅಂದ್ರೂ ನಾನು ತರಿಸುದಿಲ್ಲ.

ಪೈಪ್ ಗ್ಯಾಸ್ ಬಂದ ಮನೆಯವ್ರು ಜೆಟ್ ವಿಷಯದಲ್ಲಿ ಇನ್ನೂ ಜಾಗ್ರತೆ. ಪೈಪಲ್ಲಿ ಬರುದು ನ್ಯಾಚುರಲ್ ಗ್ಯಾಸ್, ಅದಕ್ಕೆ ದೊಡ್ಡ ತೂತಿನ ಜೆಟ್ ಬೇಕು. ಆ ಜೆಟ್ ಇರುವ ಸ್ಟವ್ ಅನ್ನು ಊರಿಗೆ ಕೊಂಡುಹೋಗಿ ಸಿಲಿಂಡರಿಗೆ ಸಿಕ್ಕಿಸಿದ್ರೆ ಬೆಂಕಿ ಎದೆಮಟ್ಟಕ್ಕೆ ಏಳ್ತದೆ. ಬದಲಿಸುವ ಕೆಲಸ ಪೈಪ್ ಗ್ಯಾಸ್ ಕಂಪನಿಯವ್ರಿಂದಲೇ ಮಾಡಿಸಿ.

ಗೆಳೆಯನ ರೇಂಜ್‌ಗೆ ಮೇಲಿನ ಯಾವ ದಾರಿಯೂ ನೇರ ಹೊಂದುದಿಲ್ಲ, ಗಲ್ಫಿಂದ ತಂದದ್ದು ನಮ್ಮ ಕಡೆ ಬೇಕಾದಷ್ಟು ಮನೇಲಿ ಉಂಟು ಹಾಗಾಗಿ ಸ್ವಲ್ಪ ಬಿಡಿಸಿ ಹೇಳ್ತೇನೆ. ಅದರ ಹಿಂದುಗಡೆ ಒಂದು ಪ್ಲೇಟ್ ಇರ್ತದೆ, ಅದರಲ್ಲಿ ಗ್ಯಾಸಿನ ಗುರುತು ಜಿ30 ಮತ್ತು ಒತ್ತಡ 28-30 ಎಂಬಾರ್ (mbar, ಮಿಲಿಬಾರ್) ಅಂತ ಇದ್ರೆ ನಮ್ಮ ಸಿಲಿಂಡರಿಗೆ ಹೊಂದುವ ಜೆಟ್, ಜಿ20 ಮತ್ತು 20 ಎಂಬಾರ್ ಅಂತ ಇದ್ರೆ ನ್ಯಾಚುರಲ್ ಗ್ಯಾಸಿಗೆ ಮಾಡಿದ್ದು. ಜೆಟ್ ಮೇಲೆಯೂ ಸಣ್ಣಕ್ಕೆ ನಂಬರ್ ಕೊರೆದಿರ್ತಾರೆ, 65 ಅಂದ್ರೆ ತೂತು 0.65 ಮಿಲಿಮೀಟರ್. ಈ ಪ್ಲೇಟಿನ ಮತ್ತು ಜೆಟ್ಟಿನ ಫೋಟೊ ತೆಗೆದಿಟ್ಟುಕೊಂಡ್ರೆ ಅರ್ಧ ಕೆಲಸ ಆದ ಹಾಗೆ. ಓವನ್ ಆರಿ ಹೋಗುದು ಅವ್ರ ಮನೇಲಿ ಥರ್ಮೋಕಪಲ್‌ನಿಂದ. ಬೆಂಕಿಯ ಪಕ್ಕ ಒಂದು ಸಣ್ಣ ಲೋಹದ ಕಡ್ಡಿ, ಕಾದಾಗ ಅದರಲ್ಲಿ ಒಂಚೂರು ಕರೆಂಟ್ ಹುಟ್ಟಿ ವಾಲ್ವನ್ನು ತೆರೆದು ಹಿಡೀತದೆ, ಬೆಂಕಿ ಆರಿದ್ರೆ ತಣಿದು ವಾಲ್ವ್ ತಾನಾಗಿ ಮುಚ್ಚುತ್ತದೆ. ಓವನ್ ಒಳಗೆ ಬೆಂಕಿ ಆರಿದ್ದು ಕಣ್ಣಿಗೆ ಕಾಣುದಿಲ್ಲ, ಇದು ಜೀವ ಉಳಿಸುವ ಪಾರ್ಟ್, ಹಾಗಾಗಿ ಇದನ್ನು ಬೈಪಾಸ್ ಮಾಡಿ ಕೊಡ್ತೇನೆ ಅಂದವ್ರನ್ನು ಮನೆಯೊಳಗೆ ಬಿಡ್ಬೇಡಿ. ಮೊದಲು ತುದಿಯ ಮಸಿ ಒರಸಿ, ನಾಬ್ ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡಿದು ಬಿಟ್ಟು ನೋಡಿ. ಆಗದಿದ್ರೆ ಹೊಸ ಥರ್ಮೋಕಪಲ್, ಉದ್ದ ಮತ್ತು ಸ್ಕ್ರೂವಿನ ಅಳತೆ ಹೊಂದಿದ್ರೆ ಬೇರೆ ಕಂಪನಿಯದ್ದೂ ನಡೀತದೆ, ಹೋಟೆಲ್ ಕಿಚನ್ ಸಾಮಾನಿನ ರಿಪೇರಿಯವ್ರಿಗೆ ಇದರ ಪರಿಚಯ ಚೆನ್ನಾಗಿ ಉಂಟು, ಮನೆ ಸ್ಟವ್ ರಿಪೇರಿಯವ್ರಿಗಿಂತ ಅವ್ರೇ ಮೇಲು. ಅವ್ರ ಮನೇಲಿ ಡಿಸೆಂಬರ್ ಬಂದ್ರೆ ಕುಸ್ವಾರ್‌ಗೆ (ಕ್ರಿಸ್ಮಸ್ ತಿಂಡಿಗಳಿಗೆ), ಕೇಕಿಗೆ ಓವನ್ ಬೇಕೇ ಬೇಕು, ಅಮ್ಮನಿಗೆ ಆ ರೇಂಜ್ ಮೇಲೆ ಪ್ರಾಣ, ಹಾಗಾಗಿ ಪಾರ್ಟ್ ಹುಡುಕಿ ರಿಪೇರಿ ಮಾಡ್ಸಿ ಅಂತಲೇ ಹೇಳಿದೆ. ಓವನ್ ವರ್ಷಕ್ಕೆ ಎರಡು ಸಲ ಮಾತ್ರ ಉಪಯೋಗಿಸುವ ಮನೆಯಾಗಿದ್ರೆ ಮೇಲಿನ ಬರ್ನರ್ ಇಟ್ಟುಕೊಂಡು, ಓವನ್ ಲೈನ್ ಗೊತ್ತಿದ್ದವ್ರಿಂದ ಬಂದ್ ಮಾಡ್ಸಿ, ಕರೆಂಟಿನ ಸಣ್ಣ ಓವನ್, ಓಟಿಜಿ ಒಂದು ತಗೊಳ್ಳಿ ಅಂತಿದ್ದೆ.

ಹೊಸತು ಯಾವಾಗ? ನಾನು ಇಟ್ಟುಕೊಂಡ ಲೆಕ್ಕ, ಸ್ಟವ್‌ಗೆ ಹತ್ತು ವರ್ಷ ಆಗಿ, ರಿಪೇರಿ ಹೊಸದರ ಬೆಲೆಯ ಮೂರನೇ ಒಂದು ಭಾಗ ದಾಟಿದ್ರೆ ಬಿಟ್ಟುಬಿಡುದು. ಒಳಗಿನ ಗ್ಯಾಸ್ ಪೈಪಿಗೆ ತುಕ್ಕು ಹಿಡಿದದ್ದು ಕಂಡ್ರೆ ವರ್ಷ, ಬೆಲೆ ಎಂತದ್ದೂ ನೋಡುದು ಬೇಡ. ಮಲ್ಪೆ, ಪಣಂಬೂರು, ಉಳ್ಳಾಲ ಹೀಗೆ ಕಡಲಿಗೆ ಹತ್ರ ಇರುವವ್ರು ಇದನ್ನು ವರ್ಷಕ್ಕೊಮ್ಮೆ ಕವುಚಿ ಹಾಕಿಸಿ ನೋಡ್ಲೇಬೇಕು, ಉಪ್ಪುಗಾಳಿ ಮೇಲಿಂದ ಕಾಣದ ಹಾಗೆ ತಿಂತದೆ. ಆದ್ರೆ ಹಳೆ ದಪ್ಪ ಹಿತ್ತಾಳೆ ಬರ್ನರಿನ ಸ್ಟವ್ ಇದ್ದು ಪೈಪ್ ಗಟ್ಟಿ ಇದ್ರೆ ಅವಸರ ಪಟ್ಟು ಬಿಸಾಡ್ಬೇಡಿ. ಹೊಸತು ತಗೊಂಡ್ರೆ ಐಎಸ್ಐ ಮಾರ್ಕ್ ನೋಡಿ, ಮನೇಲಿ ದೊಡ್ಡ ಪಾತ್ರೆಯಲ್ಲಿ ಅನ್ನ ಬೇಯಿಸುದಾದ್ರೆ ಗ್ಲಾಸಿಗಿಂತ ಸ್ಟೀಲ್ ಮೈ ಒಳ್ಳೇದು ಅಂತ ನನ್ನ ಅಭಿಪ್ರಾಯ, ಗಂಜಿ ಉಕ್ಕಿದ್ರೆ, ಪಾತ್ರೆ ತಾಗಿದ್ರೆ ಹೆದರಿಕೆ ಇಲ್ಲ. ಮತ್ತೆ ಅಂಗಡಿಯವ್ರ ಹತ್ರ ಒಂದು ಕೇಳಿ, ಇದರ ಬರ್ನರ್, ವಾಲ್ವ್ ನಿಮ್ಮಲ್ಲೇ ಸಿಗ್ತದಾ, ತೋರಿಸಿ ಅಂತ. ತೋರಿಸಿದ್ರೆ ಆ ಸ್ಟವ್ ತಗೊಳ್ಳಿ.

ಯಾರ ಕೈಯಿಂದ ಮಾಡಿಸಿದ್ರೂ ದುಡ್ಡು ಕೊಡುವ ಮೊದ್ಲು, ಅವ್ರು ಅಲ್ಲೇ ನಿಂತಿರುವಾಗ, ಒಂದು ಲೋಟದಲ್ಲಿ ಸೋಪಿನ ನೊರೆ ಮಾಡಿ. ನಾಬ್ ಎಲ್ಲ ಬಂದ್, ರೆಗ್ಯುಲೇಟರ್ ಆನ್. ಬ್ರಷ್‌ನಲ್ಲಿ ಹೋಸಿನ ಎರಡು ತುದಿಗೆ, ಪೈಪಿನ ಜೋಡಣೆಗೆ, ವಾಲ್ವಿನ ಸುತ್ತ ನೊರೆ ಹಚ್ಚಿ ಎರಡು ನಿಮಿಷ ನೋಡಿ. ಕಡ್ಡಿ ಗೀರಿ ನೋಡ್ತೇನೆ ಅಂದ್ರೆ ಕೈ ಹಿಡೀರಿ. ನೊರೆಯಲ್ಲಿ ಒಂದು ಗುಳ್ಳೆ ಬೆಳೀತಾ ಬಂದ್ರೂ ಸಾಕು, ಪುನಃ ಬಿಚ್ಚಲಿ.